ಹೊಳೆಯಾಚೆಯ ಲಾಟೀನು

ನಮ್ಮ ತವರುಮನೆಯ ಜಗಲಿಯ ಮೂಲೆಯ ಕಂಬದಲ್ಲಿ ಈಗಲೂ ಒಂದು ಕಬ್ಬಿಣದ ಕೊಕ್ಕೆ ಇದೆ. ಈಗ ಅದಕ್ಕೆ ತಮ್ಮನ ಮಗ ತನ್ನ ಹೆಲ್ಮೆಟ್ಟನ್ನು ತೂಗುಹಾಕುತ್ತಾನೆ. ನಾನು ಚಿಕ್ಕವಳಿದ್ದಾಗ ಅಲ್ಲಿ ಲಾಟೀನು ತೂಗುತ್ತಿತ್ತು. ಅದು ನಮಗೆ ಬೆಳಕು ಕೊಡಲಿಕ್ಕೆಂದು ಇದ್ದದ್ದಲ್ಲ. ಹೊಳೆಯಾಚೆಯವರಿಗೆ ಕಾಣಲಿ ಎಂದು ಇದ್ದದ್ದು.

ಹೊಳೆ ಎಂದರೆ ಶರಾವತಿ. ನಾವು ಹೊಳೆ ಎನ್ನುವುದು ರೂಢಿಯಿಂದ ಬಂದ ಮಾತು ಅಷ್ಟೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಅದು ಹೊಳೆಯಾಗಿ ಉಳಿಯಲಿಲ್ಲ, ಕಣ್ಣು ಹಾಯುವವರೆಗೂ ನೀರೇ ನೀರು. ನಮ್ಮ ಅಜ್ಜಿ ಗದ್ದೆಯ ಅಂಚು ಹಿಡಿದು ನಡೆದುಕೊಂಡೇ ಹೋಗಿ ಬರುತ್ತಿದ್ದ ಊರು ನೋಡನೋಡುತ್ತಿದ್ದಂತೆ ಆಚೆ ದಡವಾಯಿತು. ಆ ಆಚೆ ದಡಕ್ಕೇ ನಮ್ಮ ಅಕ್ಕನನ್ನು 1981ರಲ್ಲಿ ಕೊಟ್ಟರು. ನೀರಿನ ಮೇಲೆ ಹಕ್ಕಿ ಹಾರಿದರೆ ಮುಕ್ಕಾಲು ಮೈಲಿ. ಮನುಷ್ಯರು ಬಸ್ಸು ಹಿಡಿದು, ಲಾಂಚಿಗೆ ಕಾದು, ಆಮೇಲೆ ನಡೆದು ಹೋಗಲು ಅರ್ಧ ದಿನ. ಕತ್ತಲಾದ ಮೇಲೆ ಲಾಂಚೂ ಇಲ್ಲ. ಕಾಗದ ಬರೆದರೆ ಅದು ಪೇಟೆಯನ್ನೆಲ್ಲ ಸುತ್ತಿಕೊಂಡು ಬರಲು ನಾಲ್ಕು ದಿನವಾಗುತ್ತಿತ್ತು. ಟೆಲಿಫೋನಿನ ಮಾತಂತೂ ಕೇಳಲೇಬೇಡಿ.

ಮದುವೆಯಾದ ಹೊಸದರಲ್ಲಿ ಅಮ್ಮ ಸಂಜೆ ಹೊತ್ತು ಜಗಲಿಯಲ್ಲಿ ನಿಂತು ಆಚೆ ದಡ ನೋಡುತ್ತಾ ಕಣ್ಣೊರೆಸಿಕೊಳ್ಳುವುದನ್ನು ಕಂಡ ಅಪ್ಪಯ್ಯ, ಒಂದು ದಿನ ಭಾವನ ಜೊತೆ ಕುಳಿತು ಒಂದು ಕಾನೂನು ಮಾಡಿದರು. ಸೋಮವಾರ ಮತ್ತು ಶುಕ್ರವಾರ, ರೇಡಿಯೋದಲ್ಲಿ ಸಂಜೆಯ ವಾರ್ತೆ ಮುಗಿದ ಮೇಲೆ, ಅಕ್ಕನ ಮನೆಯ ಹಲಸಿನ ಮರದ ಕೊಂಬೆಗೆ ಒಂದು ಲಾಟೀನು ಹಾಕಬೇಕು. ಒಂದು ಲಾಟೀನು ಎಂದರೆ ಎಲ್ಲರೂ ಕ್ಷೇಮ. ಪಕ್ಕಪಕ್ಕದಲ್ಲಿ ಎರಡು ಎಂದರೆ ಬೆಳಿಗ್ಗೆ ಮೊದಲ ಲಾಂಚಿಗೆ ಯಾರಾದರೂ ಹೊರಟು ಬನ್ನಿ. ಎರಡು ಹಾಕಲು ವಾರ ನೋಡಬೇಕಾಗಿಲ್ಲ, ಯಾವ ರಾತ್ರಿಯಾದರೂ ಸರಿ. ಅವರ ದೀಪ ಕಂಡ ಮೇಲೆ ನಾವು ನಮ್ಮ ಲಾಟೀನನ್ನು ಕೊಕ್ಕೆಗೆ ಸಿಕ್ಕಿಸಿ, ಸ್ವಲ್ಪ ಹೊತ್ತು ಬಿಟ್ಟು ಒಳಗೆ ತರಬೇಕು. ‘ಕಂಡೆವು’ ಎಂದು ಅದರ ಅರ್ಥ. ಈ ಕೊನೆಯ ಕೆಲಸ ನನ್ನ ಪಾಲಿನದು. ಗಾಜು ಒರೆಸಿ, ಬತ್ತಿ ಕತ್ತರಿಸಿ, ಲಾಟೀನು ಹಿಡಿದು ಹೊರಗೆ ಬರುವಾಗ ನನಗೆ ಪೋಸ್ಟ್ ಮಾಸ್ತರರಿಗೂ ಇರದ ಜಂಬ ಇರುತ್ತಿತ್ತು.

ಮುಂದೆ ನಾನು ಬಿ.ಎ. ಓದಿ, ಬಿ.ಎಡ್. ಮಾಡಿ, ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ಟೀಚರ್ ಆದೆ. ಎಲ್ಲಿ ದೀಪದ ಸುದ್ದಿ ಸಿಕ್ಕಿದರೂ ನಿಂತು ಓದುವ ಅಭ್ಯಾಸ ಆಗಿನಿಂದಲೂ ಬಂದದ್ದು. ಪಠ್ಯಪುಸ್ತಕದಲ್ಲಿ ಯುದ್ಧಗಳು, ಒಪ್ಪಂದಗಳು, ಇಸವಿಗಳು ಇರುತ್ತವೆ. ಗುಡ್ಡದ ಮೇಲೆ ದೀಪ ಹಿಡಿದು ಕುಳಿತವನಿಗೆ ಅಲ್ಲಿ ಜಾಗ ಇರುವುದಿಲ್ಲ.

ಗ್ರೀಸಿನ ಇತಿಹಾಸಕಾರ ಪಾಲಿಬಿಯಸ್ ಈ ವಿಷಯವನ್ನು ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲೇ ವಿಚಾರ ಮಾಡಿದ್ದ. ಆ ಕಾಲದಲ್ಲಿ ಬೆಟ್ಟದಿಂದ ಬೆಟ್ಟಕ್ಕೆ ಬೆಂಕಿ ಹೊತ್ತಿಸಿ ಸುದ್ದಿ ಮುಟ್ಟಿಸುವುದು ಎಲ್ಲರಿಗೂ ಗೊತ್ತಿತ್ತು. ಪಾಲಿಬಿಯಸ್ ಅದರಲ್ಲಿ ಕೊರತೆ ಕಂಡ. ಬೆಂಕಿ ಹೇಳುವುದು ಮೊದಲೇ ಮಾತಾಡಿಕೊಂಡ ಸಂಗತಿಯನ್ನು ಮಾತ್ರ. ಹಡಗು ಬಂತು ಎಂದರೆ ಇಷ್ಟು ಬೆಂಕಿ ಎಂದು ಗೊತ್ತು ಮಾಡಿಕೊಂಡಿದ್ದರೆ ಹಡಗು ಬಂದ ಸುದ್ದಿ ತಲುಪುತ್ತದೆ. ಆದರೆ ಊರಿನವರೇ ತಿರುಗಿಬಿದ್ದರೆ? ಯಾರೂ ಎಣಿಸದೇ ಇದ್ದದ್ದು ನಡೆದುಬಿಟ್ಟರೆ? ಎಣಿಸದೇ ಇದ್ದದ್ದಕ್ಕೆ ಮೊದಲೇ ಸಂಕೇತ ಮಾಡಿಕೊಳ್ಳುವುದು ಹೇಗೆ? ಅಪ್ಪಯ್ಯನ ಕಾನೂನಿನ ಕೊರತೆಯೂ ಅದೇ ಆಗಿತ್ತು ಎಂದು ಇದನ್ನು ಮೊದಲ ಸಲ ಓದಿದಾಗ ನನಗೆ ಹೊಳೆಯಲಿಲ್ಲ.

ಕ್ಲಿಯಾಕ್ಸಿನಸ್ ಮತ್ತು ಡೆಮಾಕ್ಲೀಟಸ್ ಎಂಬ ಇಬ್ಬರು ಕಂಡುಹಿಡಿದ ಉಪಾಯವನ್ನು ಪಾಲಿಬಿಯಸ್ ತಿದ್ದಿ ಪೂರ್ಣ ಮಾಡಿದ. ಗ್ರೀಕರ 24 ಅಕ್ಷರಗಳನ್ನು ಐದು ಹಲಗೆಗಳ ಮೇಲೆ ಸಾಲಾಗಿ ಹಂಚುವುದು. ಎಡಗಡೆ ಎಷ್ಟು ಪಂಜು ಎತ್ತುತ್ತಾರೋ ಅಷ್ಟನೆಯ ಹಲಗೆ, ಬಲಗಡೆ ಎಷ್ಟು ಪಂಜೋ ಆ ಹಲಗೆಯಲ್ಲಿ ಅಷ್ಟನೆಯ ಅಕ್ಷರ. ಹೀಗೆ ಯಾವ ಮಾತನ್ನಾದರೂ ಅಕ್ಷರ ಅಕ್ಷರವಾಗಿ ಕಳಿಸಬಹುದು. ನಮ್ಮ ಸೈನಿಕರು ನೂರು ಮಂದಿ ಶತ್ರುವಿನ ಕಡೆ ಹೋದರು ಎಂಬ ಉದಾಹರಣೆ ಕೊಟ್ಟು, ಅದನ್ನೇ ಆದಷ್ಟು ಕಡಿಮೆ ಅಕ್ಷರದಲ್ಲಿ ಹೇಳಿ ಎಂದು ಸಲಹೆಯನ್ನೂ ಕೊಡುತ್ತಾನೆ! ಟೆಲಿಗ್ರಾಂ ಫಾರಂ ಮುಂದಿಟ್ಟುಕೊಂಡು ಒಂದೊಂದು ಪದಕ್ಕೂ ಲೆಕ್ಕ ಹಾಕಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. 2013ರಲ್ಲಿ ಅದೂ ನಿಂತುಹೋಯಿತು.

ಈಚೆಗೆ ನಮ್ಮ ಶಾಲೆಯ ಗೈಡ್ಸ್ ಹುಡುಗಿಯರ ಶಿಬಿರದಲ್ಲಿ ನನಗೊಂದು ಹುಚ್ಚು ಬಂತು. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರ. ಏಳೇಳಲಿ ನಲವತ್ತೊಂಬತ್ತು! ಗ್ರೀಕರ ಲೆಕ್ಕದಲ್ಲಿ ಒಂದು ಮನೆ ಖಾಲಿ ಉಳಿಯುತ್ತದೆ, ನಮ್ಮದರಲ್ಲಿ ಒಂದೂ ಉಳಿಯುವುದಿಲ್ಲ. ಏಳು ಸಾಲು ಬರೆದೆ. ಮೊದಲ ಸಾಲು ಅ ಇಂದ ಋ ತನಕ, ಎರಡನೆಯದು ಎ ಇಂದ ಅನುಸ್ವಾರದ ತನಕ, ಕೊನೆಯದು ಲ ಇಂದ ಳ ತನಕ. ಒತ್ತಕ್ಷರ, ಗುಣಿತಗಳನ್ನು ಏನು ಮಾಡುವುದು ಎಂದು ಹುಡುಗಿಯರು ಕೇಳಿದರು. ವ್ಯಾಕರಣದಲ್ಲಿ ಬಿಡಿಸಿ ಬರೆಯುವುದಿಲ್ಲವೇ, ಹಾಗೆಯೇ ಬಿಡಿಸಿ ಕಳಿಸುವುದು ಎಂದೆ. ವ್ಯಂಜನ ಬೇರೆ, ಸ್ವರ ಬೇರೆ. ಪಂಜಿನ ಬದಲು ಬ್ಯಾಟರಿ. ಮೊದಲು ಸಾಲಿನ ಸಂಖ್ಯೆಯಷ್ಟು ಸಲ ಮಿಣುಕಿಸಿ, ಒಂದು ಕ್ಷಣ ಬಿಟ್ಟು, ಮನೆಯ ಸಂಖ್ಯೆಯಷ್ಟು ಸಲ ಮಿಣುಕಿಸಬೇಕು.

ಅರ್ಧ ತಂಡ ಶಾಲೆಯ ತಾರಸಿಯ ಮೇಲೆ, ಇನ್ನರ್ಧ ಎದುರಿನ ಗುಡ್ಡದ ದೇವಸ್ಥಾನದ ಕಟ್ಟೆಯ ಮೇಲೆ. ತಾರಸಿಯಿಂದ ಕಳಿಸಿದ ಸಂದೇಶ ‘ಊಟಕ್ಕೆ ಬನ್ನಿ’. ಬಿಡಿಸಿದರೆ ಹನ್ನೊಂದು ಅಕ್ಷರ, ಒಟ್ಟು ಎಪ್ಪತ್ತು ಮಿಣುಕು. ಅದೊಂದನ್ನು ಕಳಿಸಲು ಹತ್ತು ನಿಮಿಷ ಹಿಡಿಯಿತು. ಮುಗಿದ ಕೂಡಲೇ ಗುಡ್ಡದ ಮೇಲಿದ್ದವರೆಲ್ಲ ಬಿದ್ದಂಬೀಳ ಓಡಿಕೊಂಡು ಬಂದರು. ಹಸಿವಿನ ಜೋರೇ ಇರಬೇಕು ಅಂದುಕೊಂಡೆ. ಅಲ್ಲ. ಅವರ ನೋಟುಬುಕ್ಕಿನಲ್ಲಿ ಇದ್ದದ್ದು ‘ಓಟಕ್ಕೆ ಬನ್ನಿ’!

ಹೇಗಾಯಿತು ಎಂದು ಲೆಕ್ಕ ಹಾಕಿ ನೋಡಿದೆವು. ಊ ಎಂದರೆ ಮೊದಲ ಸಾಲಿನ ಆರನೆಯ ಮನೆ. ಒಂದು ಮಿಣುಕು, ಬಿಡುವು, ಆರು ಮಿಣುಕು. ಓ ಎಂದರೆ ಎರಡನೆಯ ಸಾಲಿನ ಐದನೆಯ ಮನೆ. ಎರಡು ಮಿಣುಕು, ಬಿಡುವು, ಐದು ಮಿಣುಕು. ಎರಡೂ ಸೇರಿಸಿದರೆ ಏಳೇ. ಬೆಳಕಿನಲ್ಲಿ ತಪ್ಪಾಗಿರಲಿಲ್ಲ, ತಪ್ಪಾದದ್ದು ನಡುವಿನ ಕತ್ತಲೆಯಲ್ಲಿ. ಬ್ಯಾಟರಿ ಹಿಡಿದ ಹುಡುಗಿ ಬಿಡುವನ್ನು ಒಂದು ಮಿಣುಕಿನಷ್ಟು ತಡವಾಗಿ ಕೊಟ್ಟಿದ್ದಳು. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಆ ಗಲಾಟೆಯಲ್ಲೇ ಗುಡ್ಡದ ತಂಡದ ಹುಡುಗಿಯೊಬ್ಬಳು, ‘ನಡುವೆ ಎರಡು ಅಕ್ಷರ ನಂಗೆ ಕಾಣ್ಲೇ ಇಲ್ಲ ಟೀಚರ್, ಆದ್ರೂ ಕಂಡಿತು ಅಂತ ಬ್ಯಾಟರಿ ತೋರಿಸ್ದೆ’ ಎಂದಳು. ಅವಳಿಗೆ ನಾನು ಸ್ವಲ್ಪ ಹೆಚ್ಚೇ ಗದರಿದೆ. ಕಾಣದೆ ಕಂಡೆ ಎನ್ನಬಾರದು ಎಂದೆ. ನಗು ನಿಂತುಹೋಯಿತು. ಯಾಕೆ ಅಷ್ಟು ಗದರಿದೆ ಎಂದು ಅವರಿಗೆ ಹೇಳಲಿಲ್ಲ.

ದೀಪದ ಇತಿಹಾಸದಲ್ಲಿ ನನಗೆ ಬಹಳ ಪ್ರಿಯವಾದದ್ದು ಗಡಿಗೆಯ ದೀಪ. ಅದು ನಮ್ಮ ದೇಶದ್ದೇ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರ ಸೈನ್ಯದಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ಇದ್ದ. ಗೆದ್ದ ನೆಲವನ್ನು ಅಳೆಯಬೇಕು, ಅದರ ಜೊತೆಗೆ ಭೂಮಿಯ ಆಕಾರವನ್ನೇ ಅಳೆದು ನೋಡಬೇಕು ಎಂಬ ಹುಚ್ಚು ಅವನದು. 1800ರಲ್ಲಿ ನಮ್ಮ ಬೆಂಗಳೂರಿನ ಬಳಿ ಏಳೂವರೆ ಮೈಲಿಯಷ್ಟು ನೆಲವನ್ನು ಸರಪಳಿ ಹಿಡಿದು ಅಳೆದ. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ಮತ್ತೊಮ್ಮೆ ಅಳೆದು, ಅಲ್ಲಿಂದ ಮೈಸೂರು ಸೀಮೆಯನ್ನು ದಾಟಿ ಮಂಗಳೂರಿನ ಕಡಲಿನವರೆಗೆ ತ್ರಿಕೋನಗಳನ್ನು ಹೆಣೆದ. ಮದ್ರಾಸಿನಿಂದ ಮಂಗಳೂರಿಗೆ 400 ಮೈಲಿ ಎಂದು ಅಲ್ಲಿಯವರೆಗಿನ ನಕಾಶೆಗಳು ಹೇಳುತ್ತಿದ್ದವು. 360 ಎಂದು ಲ್ಯಾಂಬ್ಟನ್ ತೋರಿಸಿದ. 40 ಮೈಲಿ ಅಗಲದ ದೇಶ ಕಾಗದದ ಮೇಲಿಂದ ಮಾಯವಾಯಿತು.

ಈ ತ್ರಿಕೋನದ ಕೆಲಸ ಹೇಳಿದಷ್ಟು ಸುಲಭವಲ್ಲ. ಒಂದು ಭುಜವನ್ನು ಮಾತ್ರ ಸರಪಳಿಯಿಂದ ಅಳೆದರೆ ಸಾಕು, ಉಳಿದದ್ದೆಲ್ಲ ಕೋನದ ಲೆಕ್ಕ. ಆದರೆ ಕೋನ ಅಳೆಯಲು ಈ ಬೆಟ್ಟದಿಂದ ಆ ಬೆಟ್ಟದ ನೆತ್ತಿ ಕಾಣಬೇಕು. ಅರ್ಧ ಟನ್ ತೂಕದ ಥಿಯೊಡೊಲೈಟ್ ಯಂತ್ರವನ್ನು ಹೊತ್ತುಕೊಂಡು ಹೋಗಿ ಬೆಟ್ಟದ ಮೇಲೆ ಇಟ್ಟು, ಇಪ್ಪತ್ತು ಮೂವತ್ತು ಮೈಲಿ ದೂರದ ಬಾವುಟವನ್ನು ದುರ್ಬೀನಿನಲ್ಲಿ ಹುಡುಕಬೇಕು. ಬೇಸಿಗೆಯಲ್ಲಿ ಧೂಳು, ಕಾದ ನೆಲದ ಬಿಸಿ. ಬಾವುಟ ಇರಲಿ, ಬೆಟ್ಟವೇ ನೀರಿನೊಳಗಿನ ಕಲ್ಲಿನ ಹಾಗೆ ನಡುಗುತ್ತದೆ. ಗಾಳಿ ತಿಳಿಯಾಗುವುದು ಮಳೆ ಬಂದ ಮೇಲೆ. ಅದಕ್ಕಾಗಿ ಅವರು ಮಳೆಗಾಲದಲ್ಲೇ ಕೆಲಸ ಮಾಡುತ್ತಿದ್ದರು. ಮಳೆಗಾಲದ ಕಾಡಿನಲ್ಲಿ ಜ್ವರ ಕಾದು ಕುಳಿತಿರುತ್ತಿತ್ತು. ಲ್ಯಾಂಬ್ಟನ್ನನ ಸಹಾಯಕನಾಗಿ ಬಂದ ಜಾರ್ಜ್ ಎವರೆಸ್ಟ್ 1819ರಲ್ಲಿ ಕೃಷ್ಣಾ ಗೋದಾವರಿಗಳ ನಡುವಿನ ಕಾಡಿಗೆ ಹೋದ. ಅವನ ತಂಡಕ್ಕೆ ತಂಡವೇ ಜ್ವರದಿಂದ ಮಲಗಿತು. ಹೈದರಾಬಾದು ಮುಟ್ಟುವುದರೊಳಗೆ ಎಷ್ಟೋ ಜನ ದಾರಿಯಲ್ಲೇ ತೀರಿಕೊಂಡರು. ಹೌದು, ಇದೇ ಎವರೆಸ್ಟನ ಹೆಸರನ್ನೇ ಶಿಖರಕ್ಕೆ ಇಟ್ಟದ್ದು. ಅವನು ತನ್ನ ಹೆಸರನ್ನು ಈವ್‌ರೆಸ್ಟ್ ಎಂದು ಹೇಳುತ್ತಿದ್ದನಂತೆ. ಈಗ ಹೇಳಿದರೆ ಯಾರು ಕೇಳುತ್ತಾರೆ?

ಜ್ವರದಿಂದ ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಾ ಎವರೆಸ್ಟ್ ರಾತ್ರಿಯ ಮೊರೆ ಹೋದ. ಮಳೆಗಾಲ ಬಿಟ್ಟು ಒಣಗಾಲದಲ್ಲಿ ಕೆಲಸ ಮಾಡಬೇಕು, ಹಗಲು ಬಾವುಟ ಕಾಣದಿದ್ದರೆ ರಾತ್ರಿ ದೀಪ ನೋಡಬೇಕು. ತೀರ ದೂರದ ಬೆಟ್ಟಗಳಿಗೆ ನೀಲಿ ಬೆಳಕಿನ ಮದ್ದು, ಅಂದರೆ ಬಾಣಬಿರುಸಿನಂಥದ್ದು. ಅದು ಕೆಲವೇ ನಿಮಿಷ ಉರಿದು ಮುಗಿಯುತ್ತದೆ. ಹತ್ತಿರದ ಬೆಟ್ಟಗಳಿಗೆ ಗಡಿಗೆಯ ದೀಪ. ಅದನ್ನು ಮಾಡುವ ಬಗೆ ಕೇಳಿದರೆ ನಮ್ಮ ಅಡುಗೆಮನೆಯ ಹಿತ್ತಲಿನಲ್ಲೇ ಮಾಡಿದ್ದಾರೆ ಎನಿಸುತ್ತದೆ. ಒಂದು ಬಟ್ಟಲಿನ ತುಂಬ ಎಣ್ಣೆಯಲ್ಲಿ ನೆನೆಸಿದ ಹತ್ತಿಕಾಳು. ದನಕ್ಕೆ ಹಾಕುತ್ತಾರಲ್ಲ, ಅದೇ ಹತ್ತಿಕಾಳು. ಅದಕ್ಕೆ ಬೆಂಕಿ ಕೊಟ್ಟು, ಮೇಲೆ ದೊಡ್ಡದೊಂದು ಮಣ್ಣಿನ ಗಡಿಗೆಯನ್ನು ಬೋರಲು ಹಾಕುವುದು. ಗಡಿಗೆಯ ಒಂದು ಮಗ್ಗುಲಲ್ಲಿ ಕಿಂಡಿ. ಯಂತ್ರ ಇಟ್ಟುಕೊಂಡು ಕುಳಿತವರ ಕಡೆಗೆ ಆ ಕಿಂಡಿ ತಿರುಗಿರಬೇಕು. ಗಾಳಿ ಬಂದರೂ ಆರುವುದಿಲ್ಲ, ಬೆಳಕು ಬೇರೆ ಕಡೆ ಚೆಲ್ಲಿ ಹಾಳಾಗುವುದೂ ಇಲ್ಲ. ಲಂಡನ್ನಿನಿಂದ ತರಿಸಿದ ಯಂತ್ರಕ್ಕೆ ನಮ್ಮ ಕುಂಬಾರರ ಗಡಿಗೆ ಜೋಡಿ!

ಇದರಲ್ಲಿ ಇನ್ನೊಂದು ಸೋಜಿಗವಿದೆ. ಹಗಲು ಹೊತ್ತಿನಲ್ಲಿ ದಿಗಂತದ ಕೆಳಗೆ ಮರೆಯಾಗಿರುವ ಬೆಟ್ಟದ ದೀಪ ರಾತ್ರಿ ಮೇಲೆದ್ದು ಕಾಣುತ್ತದೆ. ನೆಲ ತಣ್ಣಗಾದಾಗ ಅದರ ಮೇಲಿನ ಗಾಳಿಯೂ ತಂಪಾಗಿ ದಟ್ಟವಾಗುತ್ತದೆ. ಆ ಗಾಳಿಯಲ್ಲಿ ಹಾಯುವ ಬೆಳಕು ನೆಟ್ಟಗೆ ಹೋಗದೆ ಭೂಮಿಯ ಬಾಗನ್ನೇ ಅನುಸರಿಸಿ ತಾನೂ ಕೊಂಚ ಬಾಗುತ್ತದೆ. ಹಗಲಿಗೆ ಕಾಣದ್ದು ಕತ್ತಲೆಗೆ ಕಾಣುವುದು ಕವಿಗಳ ಮಾತು ಅಂದುಕೊಂಡಿದ್ದೆ, ಸರ್ವೆಯವರ ಲೆಕ್ಕದಲ್ಲೂ ಇದೆ.

ಈ ದೀಪಗಳನ್ನು ಹೊತ್ತಿಸಿದವರು ಯಾರು? ಖಲಾಸಿಗಳು. ಯಂತ್ರ ಬರುವುದಕ್ಕೆ ಮೊದಲೇ ನಾಲ್ಕಾರು ಜನರ ಗುಂಪು ಒಂದೊಂದು ಬೆಟ್ಟಕ್ಕೆ ಹೋಗಿ, ಮರ ಕಡಿದು ಕಣ್ಣಿಗೆ ದಾರಿ ಬಿಡಿಸಿ, ಹುಲಿ ಜ್ವರಗಳ ನಡುವೆ ಕಾಯುತ್ತಾ ಕೂರಬೇಕು. ಗೊತ್ತು ಮಾಡಿದ ಹೊತ್ತಿಗೆ ದೀಪ ಹಚ್ಚಬೇಕು. ತಮ್ಮ ದೀಪ ಅತ್ತ ಕಂಡಿತೋ ಇಲ್ಲವೋ ತಿಳಿಯದು. ಅತ್ತ ಕುಳಿತ ದೊರೆಗೆ ದೀಪ ಕಾಣದಿದ್ದರೆ ಅವನು ತಿಳಿಯುವುದೇನು? ಮಂಜು ಕವಿದಿದೆಯೇ, ಎಣ್ಣೆ ತೀರಿದೆಯೇ, ದೀಪದವನು ನಿದ್ದೆ ಹೋದನೇ, ಜ್ವರ ಬಂದು ಸತ್ತೇಹೋದನೇ? ಇಷ್ಟಕ್ಕೂ ಕಾಣುವ ಗುರುತು ಒಂದೇ, ಕತ್ತಲೆ. ಎವರೆಸ್ಟ್ ಮುಂಗೋಪಿ ಎಂದು ಎಲ್ಲರೂ ಬರೆದಿದ್ದಾರೆ. ಕತ್ತಲೆಯನ್ನು ಅವನು ಸೋಮಾರಿತನ ಎಂದೇ ಓದಿದ ರಾತ್ರಿಗಳು ಎಷ್ಟಿದ್ದವೋ! ಆ ಖಲಾಸಿಗಳು ತಮ್ಮ ಕಡೆಯ ಮಾತನ್ನು ಬರೆದಿಟ್ಟಿಲ್ಲ.

ರಜೆಯ ಮೇಲೆ ಹೋಗಿದ್ದ ಎವರೆಸ್ಟ್ 1830ರಲ್ಲಿ ಹಿಂದಿರುಗುವಾಗ ಒಳ್ಳೆಯ ದೀಪಗಳನ್ನೂ ಹೀಲಿಯೊಟ್ರೋಪ್ ಎಂಬ ಕನ್ನಡಿಗಳನ್ನೂ ತಂದ. ಆ ಕನ್ನಡಿ ಜರ್ಮನಿಯ ಗಣಿತಜ್ಞ ಗಾಸ್ 1821ರಲ್ಲಿ ಮಾಡಿದ್ದು. ದೂರದ ಹ್ಯಾಂಬರ್ಗ್ ಊರಿನ ಚರ್ಚಿನ ಗೋಪುರದಲ್ಲಿ ಕಿಟಕಿಯ ಗಾಜೊಂದು ಸೂರ್ಯನಿಗೆ ಫಳ್ಳನೆ ಹೊಳೆದದ್ದನ್ನು ಕಂಡು ಅವನಿಗೆ ಈ ಉಪಾಯ ಹೊಳೆಯಿತು. ನಾವೂ ಬಿಸಿಲಿಗೆ ಸ್ಟೀಲ್ ತಟ್ಟೆ ಹಿಡಿದು ಎದುರುಮನೆಯವರ ಗೋಡೆಯ ಮೇಲೆ ಬೆಳಕಿನ ಬಿಲ್ಲೆ ಕುಣಿಸಿದ್ದೇವೆ. ನಮಗೆ ಬೈಗುಳ ಸಿಕ್ಕಿತು, ಗಾಸ್‌ಗೆ ಕೀರ್ತಿ ಸಿಕ್ಕಿತು. ಅದಕ್ಕೊಂದು ಕೀಲಿಕೈ ಜೋಡಿಸಿ, ಗುಂಡಿ ಒತ್ತಿದಾಗ ಕನ್ನಡಿ ತುಸು ವಾಲುವ ಹಾಗೆ ಮಾಡಿ, ಗಿಡ್ಡ ಹೊಳಪು ಉದ್ದ ಹೊಳಪುಗಳಿಂದ ಮೋರ್ಸ್ ಸಂಕೇತ ಕಳಿಸುವ ಹೀಲಿಯೊಗ್ರಾಫನ್ನು 1869ರಲ್ಲಿ ಕರಾಚಿಯಲ್ಲಿ ಹೆನ್ರಿ ಮ್ಯಾನ್ಸ್ ಎಂಬ ತಂತಿ ಇಲಾಖೆಯ ನೌಕರ ಮಾಡಿದ. ಅಮೆರಿಕದಲ್ಲಿ 1894ರಲ್ಲಿ ಎಂಟು ಅಂಗುಲದ ಕನ್ನಡಿಗಳಿಂದ 183 ಮೈಲಿ ದೂರಕ್ಕೆ ಸುದ್ದಿ ಮುಟ್ಟಿಸಿದರು.

ಉಪಕರಣ ಇಲ್ಲದಿದ್ದಾಗ ಏನು ಮಾಡಿದರು ಎಂಬುದು ನನಗೆ ಹೆಚ್ಚು ಕುತೂಹಲದ ವಿಷಯ. 1879ರಲ್ಲಿ ಇಂಗ್ಲಿಷರು ದಕ್ಷಿಣ ಆಫ್ರಿಕದ ಜುಲು ಜನರ ಮೇಲೆ ಏರಿಹೋದರು. ಯಾರೂ ಕರೆದಿರಲಿಲ್ಲ. ಜನವರಿ 22ರಂದು ಇಸಾಂಡ್ಲವಾನದಲ್ಲಿ ಜುಲುಗಳು ಅವರ ದೊಡ್ಡ ಪಡೆಯನ್ನು ಅಳಿಸಿಹಾಕಿದರು. ಮುಂದೆ ಹೋಗಿದ್ದ ಕರ್ನಲ್ ಪಿಯರ್ಸನ್ ಎಂಬವನ ಸುಮಾರು 1,700 ಜನರ ತುಕಡಿ ಎಶೋವೆ ಎಂಬಲ್ಲಿನ ಮಿಷನ್ ಕಟ್ಟಡಗಳಲ್ಲಿ ಸಿಕ್ಕಿಕೊಂಡಿತು. ಸುತ್ತಲೂ ಜುಲುಗಳು. ತುಗೆಲಾ ನದಿಯ ದಡದಲ್ಲಿದ್ದ ತಮ್ಮವರು ಇಪ್ಪತ್ತು ಮೈಲಿಗೂ ಹೆಚ್ಚು ದೂರ. ಹೀಲಿಯೊಗ್ರಾಫ್ ಎರಡು ಕಡೆಯೂ ಇಲ್ಲ. ನದಿಯ ಕಡೆ ಇದ್ದ ಹೇನ್ಸ್ ಎಂಬ ಲೆಫ್ಟಿನೆಂಟ್ ಹತ್ತಿರದ ಹೋಟೆಲಿನ ಮಲಗುವ ಕೋಣೆಯ ಕನ್ನಡಿಯನ್ನು ಬಿಚ್ಚಿ ತಂದ. ದಿನದಿನವೂ ಅದನ್ನು ಹಿಡಿದು ಮಿಂಚಿಸಿದ. ಮಾರ್ಚ್ ಮೊದಲ ವಾರ ಎಶೋವೆಯವರಿಗೆ ಅದು ಕಂಡಿತು. ಕಂಡಿತು ಎಂದು ಹೇಳುವುದು ಹೇಗೆ? ಗುಡ್ಡದ ಮೇಲೆ ದೊಡ್ಡ ಪರದೆ ಕಟ್ಟಿ ಆಡಿಸಿದರು, ಕಾಗದದ ಬಲೂನು ಮಾಡಿ ಹಾರಿಸಲು ನೋಡಿದರು, ಯಾವುದೂ ನಡೆಯಲಿಲ್ಲ. ಕೊನೆಗೆ ಅವರೂ ಒಂದು ಸಣ್ಣ ಕನ್ನಡಿ, ಗುರಿ ಹಿಡಿಯಲು ಒಂದು ಕೊಳವೆ ತುಂಡು ಜೋಡಿಸಿಕೊಂಡು ಉತ್ತರ ಕೊಟ್ಟರು. ನಾವು ದಿನಾ ತಲೆ ಬಾಚಿಕೊಳ್ಳುವ ಕನ್ನಡಿಗೆ ಇಂಥ ಶಕ್ತಿ ಇದೆ ಎಂದು ಯಾರಿಗೆ ಗೊತ್ತು?

ಆ ಮುತ್ತಿಗೆಯ ಬಗ್ಗೆ ಒಂದು ಕಥೆ ಹೇಳುತ್ತಾರೆ. ಒಂದು ದಿನ ಕರ್ನಲ್ಲನಿಗೆಂದೇ ಒಂದು ಸಂದೇಶ ಬರತೊಡಗಿತು. ‘ಶ್ರೀಮತಿ ಪಿಯರ್ಸನ್ ಅವರು’ ಎಂಬಲ್ಲಿಗೆ ಮೋಡ ಮುಚ್ಚಿತು. ಹೆಂಡತಿ ಹೇಗಿದ್ದಾಳೆ, ಇದ್ದಾಳೋ ಇಲ್ಲವೋ, ಏನೂ ತಿಳಿಯದೆ ಅವನು ಬಿಸಿಲಿಗಾಗಿ ಕಾದ. ಮತ್ತೆ ಬಿಸಿಲು ಬಂದಾಗ ಉಳಿದ ಮಾತು ಬಂತು, ಆಕೆ ಕ್ಷೇಮವಾಗಿದ್ದಳು. ಏಪ್ರಿಲ್ 3ರಂದು ಎಶೋವೆಗೆ ಬಿಡುಗಡೆಯೂ ಆಯಿತು. ಇದನ್ನು ಓದಿದ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

1983ರ ಶ್ರಾವಣದ ಮಾತು. ನನಗೆ ಆಗ ಹದಿಮೂರು. ಅಕ್ಕನಿಗೆ ಏಳನೆಯ ತಿಂಗಳು. ಸೀಮಂತ ಮುಗಿಸಿ ಬಾಣಂತನಕ್ಕೆ ಕರೆತರಲು ದಿನ ನೋಡಿ ಇಟ್ಟಿದ್ದರು. ಮೂರು ದಿನದಿಂದ ಹಿಡಿದ ಮಳೆ ಬಿಟ್ಟಿರಲಿಲ್ಲ. ಅಂದು ಶುಕ್ರವಾರ. ವಾರ್ತೆ ಮುಗಿದ ಮೇಲೆ ಜಗಲಿಗೆ ಬಂದು ನೋಡಿದರೆ ಹೊಳೆಯೂ ಇಲ್ಲ, ದಡವೂ ಇಲ್ಲ, ಮಳೆ ಒಂದೇ. ‘ಏನಾದ್ರೂ ಕಾಣ್ತದನೇ?’ ಎಂದು ಅಮ್ಮ ಒಳಗಿನಿಂದ ಕೇಳಿದರು. ‘ಇಲ್ಲಮ್ಮ’ ಎಂದೆ. ‘ಈ ಮಳೇಲಿ ಎಣ್ಣೆ ಯಾಕೆ ಉರಿಸ್ತಾರೆ ಬಿಡು, ಬಾ ಒಳಗೆ’ ಎಂದರು. ದೀಪ ಕಾಣದಿದ್ದರೆ ಏನರ್ಥ ಎಂಬುದಕ್ಕೆ ಅಪ್ಪಯ್ಯನ ಕಾನೂನಿನಲ್ಲಿ ಮಾತೇ ಇರಲಿಲ್ಲ. ಕಾಣದಿದ್ದರೆ ಮಳೆ ಎಂದು ನಮ್ಮ ಪಾಡಿಗೆ ನಾವು ಅರ್ಥ ಮಾಡಿಕೊಂಡಿದ್ದೆವು. ಉಂಡು ಮಲಗಿದೆವು.

ಮೂರನೆಯ ದಿನ ಲಾಂಚ್ ಬಿಟ್ಟಾಗ ಆಚೆಯಿಂದ ಆಳು ಬಂದ. ಶುಕ್ರವಾರ ರಾತ್ರಿ ಅಕ್ಕನಿಗೆ ನೋವು ಶುರುವಾಗಿ, ಬೆಳಗಿನ ಜಾವ ಹೆರಿಗೆಯಾಗಿ, ಮಗು ಉಳಿದಿರಲಿಲ್ಲ. ಅಮ್ಮ ಹೋದರು. ಹದಿನೈದು ದಿನ ಅಲ್ಲೇ ಇದ್ದು ಅಕ್ಕನನ್ನು ಕರೆದುಕೊಂಡು ಬಂದರು. ಅಲ್ಲಿಂದ ಮುಂದೆ ಅಕ್ಕನ ಅತ್ತೆಯ ಮೇಲೆ ಅಮ್ಮನಿಗೆ ಬೆಳೆದ ಕಹಿ ಕೊನೆಯವರೆಗೂ ಹೋಗಲಿಲ್ಲ. ‘ಎರಡು ಲಾಟೀನು ಹಾಕೋಕೂ ಕೈ ಬರ್ಲಿಲ್ಲ ಆಕೆಗೆ’ ಎಂದು ಒಳಗೊಳಗೇ ಹೇಳುತ್ತಿದ್ದರು. ಆಚೆಯವರೂ ಅಮ್ಮನ ಜೊತೆ ಅಷ್ಟಕ್ಕಷ್ಟೆ. ಹಬ್ಬಕ್ಕೆ ಬಂದರೆ ಕುಂಕುಮ ಕೊಟ್ಟು ಕಳಿಸುವುದು, ಅದಕ್ಕಿಂತ ಹೆಚ್ಚು ಮಾತಿಲ್ಲ. ಆ ಮಗುವಿನ ಸುದ್ದಿಯನ್ನು ಎರಡು ಮನೆಯಲ್ಲೂ ಯಾರೂ ಎತ್ತುತ್ತಿರಲಿಲ್ಲ. ಶುಕ್ರವಾರದ ದೀಪವೂ ತಾನಾಗಿ ನಿಂತಿತು. ಅಮ್ಮ 2004ರಲ್ಲಿ ಹೋದರು, ಅಕ್ಕನ ಅತ್ತೆ ಅದಕ್ಕೂ ಮೊದಲೇ ಹೋಗಿದ್ದರು.

2025ರ ಜುಲೈಯಲ್ಲಿ ಅಂಬಾರಗೋಡ್ಲು ಕಳಸವಳ್ಳಿ ನಡುವೆ ಸೇತುವೆ ಆಯಿತು. ತುಮರಿ ಕಡೆಯ ಜನ ಅರವತ್ತು ವರ್ಷ ಕಾದದ್ದು. ಮಳೆ ಕಡಿಮೆಯಾದ ಮೇಲೆ ಒಂದು ಭಾನುವಾರ ನಾನು ತಮ್ಮನ ಕಾರಿನಲ್ಲಿ ಆ ಸೇತುವೆ ದಾಟಿ ಅಕ್ಕನ ಮನೆಗೆ ಹೋದೆ. ಲಾಂಚಿಗೆ ಕಾಯುತ್ತಿದ್ದ ಹೊತ್ತೆಲ್ಲ ಉಳಿದದ್ದರಿಂದ ಮಾತಿಗೆ ಬಿಡುವು ಸಿಕ್ಕಿತು. ಹಲಸಿನ ಮರ ಈಗಿಲ್ಲ. ಅದು ಇದ್ದ ಜಾಗ ನೋಡುತ್ತಾ ಕುಳಿತಾಗ ಲಾಟೀನಿನ ಮಾತು ಬಂತು. ನಾನು ಹೇಗೋ ಧೈರ್ಯ ಮಾಡಿ, ‘ಆ ದಿನ ಅತ್ತೆ ಯಾಕೆ ದೀಪ ಹಾಕ್ಲಿಲ್ಲ ಅಕ್ಕ?’ ಎಂದು ಕೇಳಿದೆ.

ಅಕ್ಕ ನನ್ನ ಮುಖ ನೋಡಿದಳು. ‘ಯಾರು ಹೇಳಿದ್ರು ಹಾಕ್ಲಿಲ್ಲ ಅಂತ? ಎರಡೂ ಲಾಟೀನು ಹಿಡ್ಕೊಂಡು ಆ ಮಳೇಲಿ ಮರದ ಕೆಳಗೆ ನಿಂತಿದ್ರು. ಕೊಡೆ ಲಾಟೀನಿಗೆ ಹಿಡಿದು ತಾವು ನೆನೆದ್ರು. ಆಮೇಲೆ ಒಂದು ವಾರ ಜ್ವರ ಅವರಿಗೆ.’

‘ನಮಗೆ ಕಾಣ್ಲೇ ಇಲ್ಲ ಅಕ್ಕ.’

‘ಕಾಣ್ಲಿಲ್ವಾ?’ ಎಂದಳು. ಸ್ವಲ್ಪ ಹೊತ್ತು ಬಿಟ್ಟು, ‘ನಿಮ್ಮ ಕಡೆಯಿಂದ ಉತ್ತರ ಬಂತು ಅಂತ ಅತ್ತೆ ಒಳಗೆ ಬಂದ್ರು. ಮಳೆ ಒಂದು ಗಳಿಗೆ ತೆಳುವಾದಾಗ ಜಗಲೀಲಿ ದೀಪ ಕಂಡಿತಂತೆ. ಕಂಡ್ರು, ಇನ್ನು ಬೆಳಿಗ್ಗೆ ಹೇಗಾದ್ರೂ ಬರ್ತಾರೆ, ಧೈರ್ಯವಾಗಿರು ಅಂತ ನನ್ನ ಕೈ ಹಿಡ್ಕೊಂಡು ಕೂತ್ರು. ಯಾರೂ ಬರ್ಲಿಲ್ಲ’ ಎಂದಳು.

ಅಂದು ಅಮ್ಮ ಒಳಗೆ ಬಾ ಎಂದ ಮೇಲೆ ನಾನು ಕೂಡಲೇ ಹೋಗಿರಲಿಲ್ಲ. ಗಾಜು ಒರೆಸಿ, ಬತ್ತಿ ಕತ್ತರಿಸಿ ಸಿದ್ಧ ಮಾಡಿದ್ದ ಲಾಟೀನು ಕೈಯಲ್ಲೇ ಇತ್ತು. ಶುಕ್ರವಾರವಲ್ಲವೇ ಎಂದು ಅಭ್ಯಾಸದ ಮೇಲೆ ಕೊಕ್ಕೆಗೆ ಸಿಕ್ಕಿಸಿದೆ. ಸ್ವಲ್ಪ ಹೊತ್ತು ಮಳೆ ನೋಡುತ್ತಾ ನಿಂತಿದ್ದು ತೆಗೆದುಕೊಂಡು ಒಳಗೆ ಹೋದೆ. ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದು ಎಂದೂ ನನಗೆ ಅನಿಸಿರಲಿಲ್ಲ.

ಅಕ್ಕನಿಗೆ ಹೇಳಿದೆ. ಅವಳು ಏನೂ ಅನ್ನಲಿಲ್ಲ. ನಾನು ಹಾಗೇ ಇಟ್ಟಿದ್ದ ಲೋಟವನ್ನು ಮುಟ್ಟಿ ನೋಡಿ, ‘ಕಾಫಿ ಆರಿಹೋಯ್ತಲ್ಲೇ, ಕೊಡು, ಬಿಸಿ ಮಾಡ್ತೀನಿ’ ಎಂದು ಎದ್ದು ಒಳಗೆ ಹೋದಳು.